ಹಬೆ ದಳ ಮತ್ತು ಆರು ಕುರ್ಚಿಗಳು

ಆಸ್ಪತ್ರೆಯ ಬೆಡ್‌ಶೀಟು ಮಡಿಸಲು ಇಬ್ಬರು ಬೇಕು. ಎರಡು ತುದಿ ನನ್ನ ಕೈಯಲ್ಲಿ, ಎರಡು ತುದಿ ಚಿಕ್ಕಮ್ಮನ ಕೈಯಲ್ಲಿ. ಒಮ್ಮೆ ಕೊಡವಿ ಎಳೆಯಬೇಕು, ಉದ್ದಕ್ಕೆ ಎರಡು ಸಲ ಮಡಚಬೇಕು, ಆಮೇಲೆ ಇಬ್ಬರೂ ಅರ್ಧರ್ಧ ದಾರಿ ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ಮಾತಿನ ಅಗತ್ಯವಿಲ್ಲ. ಆ ಬೆಳಿಗ್ಗೆ ನೂರಾ ಹನ್ನೆರಡು ಬೆಡ್‌ಶೀಟು ಒಂದು ಮಾತೂ ಇಲ್ಲದೆ ಮಡಿಸಿದೆವು. ಚಿಕ್ಕಮ್ಮ ಮಾತ್ರ ನಿಂತ ಜಾಗ ಬಿಟ್ಟು ಅಲುಗಲಿಲ್ಲ. ನಾನೇ ಪೂರ್ತಿ ದಾರಿ ನಡೆದೆ. ಅವಳು ಎಡಗಾಲಿನ ಭಾರವನ್ನು ಬಲಗಾಲಿಗೆ, ಬಲಗಾಲಿನದನ್ನು ಎಡಗಾಲಿಗೆ ಹಾಕುತ್ತಿದ್ದಳು. ನೂರಾ ಹದಿಮೂರನೆಯದರ ಹೊತ್ತಿಗೆ ಅವಳ ಚಪ್ಪಲಿಯ ಪಟ್ಟಿ ಕಿತ್ತುಬಂತು. ಚಪ್ಪಲಿ ಹಳೆಯದೇನಲ್ಲ. ಕಾಲು ಊದಿತ್ತು.

ನಮ್ಮದು ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ಕಾರ್ಖಾನೆ. ಬೆಡ್‌ಶೀಟಿಗೆ ನಿಲ್ಲಲೇಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಟವೆಲು, ದಿಂಬಿನ ಕವರು, ಕೈವಸ್ತ್ರ ಇವನ್ನೆಲ್ಲ ಕುಳಿತು ಮಡಿಸಬಹುದು, ದಿನದ ಮುಕ್ಕಾಲು ಪಾಲು ಕೆಲಸ ಅದೇ. ಅದಕ್ಕೆಂದು ಮಡಿಸುವ ಮೇಜಿನ ಸುತ್ತ ಆರು ಕಬ್ಬಿಣದ ಕುರ್ಚಿಗಳಿದ್ದವು, ಮಡಚಿ ಗೋಡೆಗೆ ಒರಗಿಸುವಂಥವು. ಹೊಸ ಮ್ಯಾನೇಜರ್ರು ಬಂದ ವಾರವೇ ಸ್ಟಾಪ್‌ವಾಚು ಹಿಡಿದು ನಮ್ಮ ಬೆನ್ನ ಹಿಂದೆ ನಿಂತರು. ನಿಂತವರು ಕಾಲು ಗಂಟೆಗೆ ಅರವತ್ತೊಂದು ಟವೆಲು ಮಡಿಸುತ್ತಾರೆ, ಕುಳಿತವರು ಐವತ್ತೆರಡು ಮಾತ್ರ ಎಂದು ಕಂಡುಹಿಡಿದರು. ಕುಳಿತವರ ಲೆಕ್ಕಕ್ಕೆ ಅವರು ಆರಿಸಿಕೊಂಡದ್ದು ಹರಿದ ಬಟ್ಟೆ ಹೊಲಿಯುವ ಗುಂಡಿಯಮ್ಮನನ್ನು. ಗುಂಡಿಯಮ್ಮ ಆ ಕಾಲು ಗಂಟೆಯಲ್ಲಿ ತನ್ನ ನಾದಿನಿಯ ಮನೆ ಜಗಳವನ್ನು ಪೂರ್ತಿ ಹೇಳಿ ಮುಗಿಸಿದ್ದಳು ಎಂಬುದು ಸಂಶೋಧನೆಯಲ್ಲಿ ದಾಖಲಾಗಲಿಲ್ಲ. ಸಂಜೆಯ ಹೊತ್ತಿಗೆ ಆರೂ ಕುರ್ಚಿಗಳು ಮಹಡಿಯ ಸಭಾಕೋಣೆಗೆ ಹೋದವು. ಆ ಕೋಣೆಯಲ್ಲಿ ಇವತ್ತಿನವರೆಗೆ ಒಂದು ಸಭೆಯೂ ನಡೆದಿಲ್ಲ. ಅದರ ಬೀಗದ ಕೈ ಮ್ಯಾನೇಜರ್ರ ಸೊಂಟದಲ್ಲಿ ತೂಗಾಡತೊಡಗಿತು.

ಚಪ್ಪಲಿ ಕಿತ್ತ ದಿನ ಚಿಕ್ಕಮ್ಮ ಡಾಕ್ಟರ ಚೀಟಿ ಹಿಡಿದು ಅವರ ಮುಂದೆ ನಿಂತಳು.

“ಕೂತು ಕೆಲಸ ಮಾಡ್ಬೇಕು ಅಂತ ಬರೆದಿದ್ದಾರೆ ಸಾರ್.”

“ಕೂರೋದಕ್ಕೆ ಮನೆ ಇದೆಯಲ್ಲಮ್ಮಾ,” ಎಂದರು ಮ್ಯಾನೇಜರ್ರು, ಬಹಳ ಸಮಾಧಾನದಿಂದ. “ಈ ತಿಂಗಳ ಕೊನೆವರೆಗೆ ನೋಡಿ. ನಿಲ್ಲೋಕೆ ಆಗಲ್ಲ ಅಂದ್ರೆ ಹೇಳಿ. ನಿಲ್ಲೋರು ಬೇರೆ ಜನ ಇದ್ದಾರೆ.”

ಚಿಕ್ಕಪ್ಪ ಇಸ್ತ್ರಿ ರೋಲರಿನ ಕೆಲಸದಲ್ಲಿದ್ದ, ಹತ್ತು ಹೆಜ್ಜೆ ದೂರದಲ್ಲಿ. ಒಂದೇ ಮೇಜುಬಟ್ಟೆಯನ್ನು ನಾಲ್ಕು ಸಲ ರೋಲರಿಗೆ ಕೊಟ್ಟ. ಅದು ರಟ್ಟಿನ ಹಾಗಾಯಿತು. ಗೋಡೆಗೆ ಒರಗಿಸಿದರೆ ನಿಲ್ಲುತ್ತಿತ್ತು.

ಚಿಕ್ಕಪ್ಪ ಸಾಮಾನ್ಯ ಮನುಷ್ಯನಲ್ಲ ಎಂದು ಚಿಕ್ಕಪ್ಪನೇ ಹೇಳುತ್ತಾನೆ. ಅವನು ಟಿವಿ ಕುಸ್ತಿಯ ಪಂಡಿತ. ಬಣ್ಣದ ದೀಪ, ಹೊಗೆ, ಮೈಕು, ಮೂರು ಹಗ್ಗದ ರಿಂಗು, ಎದುರಾಳಿಯನ್ನು ತಲೆಯ ಮೇಲೆತ್ತಿ ಬಿಸಾಡುವುದು, ಆ ಕುಸ್ತಿ. ಅದರಲ್ಲೂ ಒಂಟಿ ಪೈಲ್ವಾನರ ಬಗ್ಗೆ ಅವನಿಗೆ ಅಷ್ಟು ಗೌರವವಿಲ್ಲ. ಅವನ ಶಾಸ್ತ್ರ ದಳಗಳದ್ದು. ನಾಲ್ಕೈದು ಪೈಲ್ವಾನರು ಸೇರಿ ಒಂದು ಹೆಸರಿಟ್ಟುಕೊಂಡು, ಒಂದೇ ಬಣ್ಣದ ಅಂಗಿ ತೊಟ್ಟು, ಒಬ್ಬನಿಗೆ ಏಟು ಬಿದ್ದರೆ ಎಲ್ಲರೂ ಓಡಿಬರುತ್ತಾರಲ್ಲ, ಅಂಥ ಗುಂಪುಗಳು. ಅವುಗಳಿಗಾಗಿ ಇನ್ನೂರು ಪುಟದ ಒಂದು ಪುಸ್ತಕವನ್ನೇ ಇಟ್ಟಿದ್ದ. ಅವನು ಹೇಳುವುದು, ನಾನು ಬರೆಯುವುದು. ಏಳನೆಯ ತರಗತಿಗೆ ಶಾಲೆ ಬಿಟ್ಟರೂ ನನ್ನ ಅಕ್ಷರ ಗುಂಡಗಿತ್ತು. ಮೊದಲ ಪುಟದಲ್ಲಿ ದಪ್ಪಗೆ ಬರೆಸಿದ್ದ: ‘ಆಧುನಿಕ ಯುಗದ ಶ್ರೇಷ್ಠ ಕುಸ್ತಿ ದಳಗಳು, ಸ್ಥಾನಮಾನ ಸಹಿತ.’ ಒಟ್ಟು ಹನ್ನೊಂದು ದಳಗಳು. ಪ್ರತಿಯೊಂದಕ್ಕೂ ಎಷ್ಟು ಜನ, ಯಾವ ಬಣ್ಣ, ಎಷ್ಟು ವರ್ಷ ಆಳಿತು, ಕೊನೆ ಹೇಗಾಯಿತು ಎಂಬ ವಿವರ. ‘ಕೊನೆ’ ಎಂಬಲ್ಲಿ ಹನ್ನೊಂದಕ್ಕೆ ಹನ್ನೊಂದೂ ಒಂದೇ ಮಾತು: ‘ಕುರ್ಚಿ.’ ಏಕೆಂದರೆ ದಳ ಎಷ್ಟೇ ದೊಡ್ಡದಾಗಲಿ, ಒಂದು ದಿನ ಅದರೊಳಗಿನವನೇ ಒಬ್ಬ ಮಡಚಿದ ಕಬ್ಬಿಣದ ಕುರ್ಚಿ ಎತ್ತಿ ನಾಯಕನ ಬೆನ್ನಿಗೆ ಬಾರಿಸುತ್ತಾನೆ. ಕುರ್ಚಿ ಬೀಳದ ದಳ ದಳವೇ ಅಲ್ಲ ಎಂಬುದು ಚಿಕ್ಕಪ್ಪನ ಸಿದ್ಧಾಂತ.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪ್ರತಿ ಭಾನುವಾರ ಮಧ್ಯಾಹ್ನ ಈ ಕುಸ್ತಿ ನೋಡಲು ಬರುತ್ತಿದ್ದರು. ಇಷ್ಟವಾಗಿ ಅಲ್ಲ, ಖಂಡಿಸಲು.

“ಎಲ್ಲಾ ಮೊದಲೇ ಮಾತಾಡ್ಕೊಂಡಿರ್ತಾರೆ ಕಣಯ್ಯಾ. ಯಾರು ಬೀಳ್ಬೇಕು, ಯಾರು ಏಳ್ಬೇಕು ಅಂತ.”

“ನಿಮ್ಮ ಕ್ಲಾಸಲ್ಲೂ ಯಾರು ಪಾಸು ಯಾರು ಫೇಲು ಅಂತ ಮೊದಲೇ ಗೊತ್ತಿರ್ತಿತ್ತಲ್ಲ ಮೇಷ್ಟ್ರೇ. ಆದ್ರೂ ಪರೀಕ್ಷೆ ಮಾಡ್ತಿದ್ರಿ.”

ಆ ಭಾನುವಾರ ಚಿಕ್ಕಮ್ಮ ಎರಡೂ ಕಾಲನ್ನು ನೀರಿನ ಬಕೀಟಿನಲ್ಲಿ ಇಳಿಬಿಟ್ಟುಕೊಂಡು ಕೂತಿದ್ದಳು. ಟಿವಿಯಲ್ಲಿ ಒಬ್ಬ ದಾಂಡಿಗ ರಿಂಗಿನ ನಡುವೆ ನಿಂತು ಮೈಕಿನಲ್ಲಿ ಜಗತ್ತನ್ನೇ ಬೈಯುತ್ತಿದ್ದ. ಅಷ್ಟರಲ್ಲಿ ಕರಿ ಅಂಗಿಯ ಐವರು ಸಾಲಾಗಿ, ಅವಸರವಿಲ್ಲದೆ ನಡೆದು ಬಂದರು. ದಾಂಡಿಗ ನೋಡಿದ. ಮೈಕು ಕೆಳಗಿಟ್ಟ. ಹಗ್ಗದ ಕೆಳಗೆ ನುಸುಳಿ ಓಡಿಹೋದ.

ಚಿಕ್ಕಪ್ಪ ಎದ್ದು ನಿಂತ. “ನೋಡಿದ್ರಾ? ಒಂದೇಟು ಹೊಡೀಲಿಲ್ಲ! ಬರೀ ನಡ್ಕೊಂಡು ಬಂದ್ರು!”

“ರೀ, ಬಕೀಟು ಒದೀತೀರ,” ಎಂದಳು ಚಿಕ್ಕಮ್ಮ.

“ನಿಂಗೆ ಕುರ್ಚಿ ಬರುತ್ತೆ ಕಣೇ.”

“ಯಾರು ಕೊಡ್ತಾರೆ?”

“ದಳ!”

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. “ಇವರ ಹಣೆ ಮುಟ್ಟಿ ನೋಡೇ, ಜ್ವರ ಇದೆಯಾ ಅಂತ.”

ಒಬ್ಬನೇ ಹೋಗಿ ಕೇಳಿದರೆ ಬೈಸಿಕೊಂಡು ಬರಬೇಕು, ದಳವಾಗಿ ಹೋದರೆ ಕೇಳುವುದೇ ಬೇಡ ಎಂದು ಚಿಕ್ಕಪ್ಪ ವಿವರಿಸಿದ. ಮೇಷ್ಟ್ರು ಇದನ್ನು ಖಂಡಿಸಲು ಬಾಯಿ ತೆರೆದವರು, ಚಿಕ್ಕಮ್ಮನ ಕಾಲು ನೋಡಿ ಮುಚ್ಚಿಕೊಂಡರು.

ಶಾಸ್ತ್ರದ ಪ್ರಕಾರ ದಳಕ್ಕೆ ನಾಲ್ವರು ಬೇಕು: ಮಾತಾಡುವ ನಾಯಕ, ಬೆಟ್ಟದಂಥವನು, ಬುದ್ಧಿವಂತ, ಮೌನಿ. ನಾಯಕ ಯಾರೆಂಬ ಬಗ್ಗೆ ಚುನಾವಣೆ ನಡೆಯಲಿಲ್ಲ. ಬೆಟ್ಟದ ಜಾಗಕ್ಕೆ ಬಾಯ್ಲರ್ ನೋಡಿಕೊಳ್ಳುವ ಅಣ್ಣ. ಆರಡಿಯ ಮೇಲೆ ಇನ್ನೂ ಒಂದು ಗೇಣು. ಬಾಗಿಲಲ್ಲಿ ನಿಂತರೆ ಹಗಲಿನಲ್ಲೇ ದೀಪ ಹಾಕಬೇಕು. ಹಲ್ಲಿ ಕಂಡರೆ ಮಾತ್ರ ಆಚೆಗೆ ಓಡುತ್ತಾನೆ.

“ಹೊಡೆಯೋ ಕೆಲಸ ಇದ್ರೆ ನಾನು ಬರಲ್ಲ ಗುರುವೇ. ನಂಗೆ ಆಮೇಲೆ ಊಟ ಸೇರಲ್ಲ.”

“ಹೊಡೆಯೋದಿಲ್ಲ ಮಾರಾಯ. ಕೈ ಕಟ್ಕೊಂಡು ನಿಲ್ಲೋದು.”

“ಎಷ್ಟು ಹೊತ್ತು?”

“ನಾನು ಹೇಳೋವರೆಗೂ.”

“ಹಾಗಾದ್ರೆ ಸರಿ.”

ಬುದ್ಧಿಗೆ ಗುಂಡಿಯಮ್ಮ. “ನಾನು ಬರ್ತೀನಿ. ಆದ್ರೆ ಅಂಗಿಗೆ ಜೇಬಿರ್ಬೇಕು,” ಎಂದಳು.

“ಯಾವ ದಳದ ಅಂಗಿಗೂ ಜೇಬಿರಲ್ಲ ಗುಂಡಿಯಮ್ಮಾ.”

“ಅದಕ್ಕೇ ಎಲ್ಲಾ ಒಡೆದು ಹೋಗಿರೋದು.”

ಆಮೇಲೆ ಚಿಕ್ಕಪ್ಪ ನನ್ನನ್ನು ನೋಡಿದ. “ನೀನು ಏನೂ ಮಾಡ್ಬೇಡ ಪುಟ್ಟಿ. ಹೇಗಿದ್ದೀಯೋ ಹಾಗೇ ಇರು. ಪ್ರತಿ ದೊಡ್ಡ ದಳದಲ್ಲೂ ಒಬ್ಬ ಮಾತಾಡದೋನು ಇರ್ತಾನೆ. ಜನಕ್ಕೆ ಅವನನ್ನ ಕಂಡ್ರೇನೇ ಜಾಸ್ತಿ ಭಯ.”

ಹತ್ತೊಂಬತ್ತು ವರ್ಷಗಳಲ್ಲಿ ನನ್ನ ಈ ಗುಣಕ್ಕೆ ಯಾರಾದರೂ ಒಂದು ಹುದ್ದೆ ಕೊಟ್ಟದ್ದು ಅದೇ ಮೊದಲು.

“ಮತ್ತೆ ನಾನು?” ಎಂದಳು ಚಿಕ್ಕಮ್ಮ.

“ನೀನು ಬೆಲ್ಟು ಕಣೇ. ಚಾಂಪಿಯನ್ ಬೆಲ್ಟು. ಎಲ್ಲಾ ಹೊಡೆದಾಟ ನಡೆಯೋದೇ ಅದಕ್ಕೋಸ್ಕರ.”

ಇದಕ್ಕೆ ಖುಷಿಪಡಬೇಕೋ ಬೇಡವೋ ಎಂದು ಚಿಕ್ಕಮ್ಮ ರಾತ್ರಿ ಊಟದವರೆಗೂ ಯೋಚಿಸಿದಳು.

ಹೆಸರು ‘ಹಬೆ ದಳ’ ಎಂದಾಯಿತು. ನಾಲ್ಕು ಕರಿ ಟೀ ಶರ್ಟು ತಂದೆವು. ಎದೆಯ ಮೇಲೆ ಬೆಂಕಿಯುಗುಳುವ ಇಸ್ತ್ರಿಪೆಟ್ಟಿಗೆಯನ್ನು ಗುಂಡಿಯಮ್ಮ ಕೆಂಪು ದಾರದಲ್ಲಿ ಹೊಲಿದುಕೊಟ್ಟಳು. ಅದು ದೋಣಿಯ ಹಾಗೆ ಬಂತು. ಬೆಂಕಿ, ದೋಣಿಯಲ್ಲಿ ಕೂತ ಸಂಸಾರದ ಹಾಗೆ ಬಂತು. “ದೂರದಿಂದ ನೋಡಿದ್ರೆ ಸರಿಯಾಗಿ ಕಾಣುತ್ತೆ,” ಎಂದಳು. ಎಷ್ಟು ದೂರ ಎಂದು ಹೇಳಲಿಲ್ಲ. ಒಳಗಡೆ ಜೇಬು ಮಾತ್ರ ಬಹಳ ಚೆನ್ನಾಗಿ ಕೂತಿತ್ತು.

ದಳವೆಂದ ಮೇಲೆ ಪ್ರವೇಶ ಮುಖ್ಯ. ಬುಧವಾರ ಬೆಳಿಗ್ಗೆ ಎಂಟಕ್ಕೆ ಬಾಯ್ಲರ್ ಅಣ್ಣ ಹಬೆಯ ಪೈಪಿನ ತಿರುಪನ್ನು ಒಂದು ಸುತ್ತು ಸಡಿಲಿಸಿದ. ಬಿಳಿ ಹಬೆ ಬಾಗಿಲನ್ನು ತುಂಬಿತು. ಅದರೊಳಗಿಂದ ನಾವು ನಾಲ್ವರೂ ಸಾಲಾಗಿ, ಅವಸರವಿಲ್ಲದೆ ನಡೆದು ಬಂದೆವು. ಒಗೆಯುವ ವಿಭಾಗದವರು ಕೆಲಸ ನಿಲ್ಲಿಸಿ ನೋಡಿದರು. ಮ್ಯಾನೇಜರ್ರು ಚಹಾದ ಲೋಟ ಹಿಡಿದು ತಮ್ಮ ಕೋಣೆಯಿಂದ ಹೊರಬಂದರು.

ಚಿಕ್ಕಪ್ಪ ಮೈಕಿನ ಬದಲು ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯನ್ನು ಬಾಯಿಯ ಹತ್ತಿರ ಹಿಡಿದ. “ಮಡಿಸೋ ಮೇಜಿಗೆ ಆರು ಕುರ್ಚಿ ವಾಪಸ್ ಬೇಕು” ಎಂಬ ಒಂದೇ ವಾಕ್ಯವನ್ನು ಅವನು ಮೂರು ದಿನ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದ. ಈಗ ಉಸಿರು ಎಳೆದುಕೊಂಡ. ಎಲ್ಲರನ್ನೂ ನೋಡಿದ.

“ನಾವು...” ಎಂದ. “ನಾವು... ಬಂದಿದ್ದೀವಿ!”

“ಕುರ್ಚಿ, ಕುರ್ಚಿ,” ಎಂದು ಗುಂಡಿಯಮ್ಮ ಹಿಂದಿನಿಂದ ತಿವಿದಳು.

“ಬಂದೇ ಬಿಟ್ಟಿದ್ದೀವಿ!” ಎಂದು ಚಿಕ್ಕಪ್ಪ ಇನ್ನೂ ಜೋರಾಗಿ ಹೇಳಿ, ಗಾಬರಿಯಲ್ಲಿ ಬಾಟಲಿ ಒತ್ತಿಕೊಂಡು, ಮುಖಕ್ಕೆಲ್ಲ ನೀರು ಹಾರಿಸಿಕೊಂಡು, ನೆಟ್ಟಗೆ ರೋಲರಿನ ಹತ್ತಿರ ಹೋಗಿ ಕೆಲಸ ಶುರುಮಾಡಿದ.

ಪ್ರವೇಶ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಬಾಯ್ಲರ್ ಅಣ್ಣನಿಗೆ, ಹೇಳುವವರೆಗೂ ಕೈ ಕಟ್ಟಿ ನಿಲ್ಲಬೇಕೆಂಬ ಆಜ್ಞೆಯಿತ್ತು. ಸಾಕು ಎಂದು ಹೇಳುವುದನ್ನು ನಾಯಕ ಮರೆತಿದ್ದ. ಅಣ್ಣ ಮ್ಯಾನೇಜರ್ರ ಎದುರಿಗೇ ಇಪ್ಪತ್ತು ನಿಮಿಷ ಕೈ ಕಟ್ಟಿಕೊಂಡು ನಿಂತ, ಕಣ್ಣು ಮಿಟುಕಿಸದೆ. ಮ್ಯಾನೇಜರ್ರು ಎಡಕ್ಕೆ ಹೋದರೆ ಅಣ್ಣನ ನೋಟ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ನೋಡಿಕೊಳ್ಳುವವರಿಲ್ಲದ ಬಾಯ್ಲರು ಕೊನೆಗೆ ತಾನೇ ಒಂದು ಸೀಟಿ ಹಾಕಿತು. ಇಡೀ ಕಟ್ಟಡ ನಡುಗುವಂಥ ಸೀಟಿ. ಮ್ಯಾನೇಜರ್ರ ಚಹಾ ಮ್ಯಾನೇಜರ್ರ ಅಂಗಿಯ ಮೇಲೆ ಇಳಿಯಿತು.

ಹತ್ತು ಗಂಟೆಗೆ ಚಿಕ್ಕಪ್ಪನಿಗೆ ಕರೆ ಬಂತು. ಜತೆಗೆ ನಾನೂ ಹೋದೆ. ಮೌನಿ ನಾಯಕನ ಎಡಗಡೆ ನಿಲ್ಲಬೇಕೆಂಬುದು ನಿಯಮ.

ಮ್ಯಾನೇಜರ್ರ ದನಿ ಬೇರೆಯಾಗಿತ್ತು. “ಏನ್ರೀ ಇದು ಗುಂಪು? ಎಷ್ಟು ಜನ ಇದ್ದೀರಿ?”

“ಸದ್ಯಕ್ಕೆ ನಾಲ್ಕು ಸಾರ್.”

“ಸದ್ಯಕ್ಕೆ!” ಎಂದರು ಅವರು. “ಬೇರೆ ಕಡೆ ಇದೆಯಾ, ಇಂಥ ಗುಂಪುಗಳು?”

ಚಿಕ್ಕಪ್ಪನ ಮುಖ ಅರಳಿತು. ಇಪ್ಪತ್ತು ವರ್ಷದಲ್ಲಿ ಒಬ್ಬ ವಿದ್ಯಾವಂತ ಮನುಷ್ಯ ತಾನಾಗಿ ಈ ವಿಷಯ ಕೇಳಿದ್ದು ಅದೇ ಮೊದಲು. “ಬೇಕಾದಷ್ಟಿವೆ ಸಾರ್! ಮುಖ್ಯವಾದವು ಹನ್ನೊಂದು. ಎಲ್ಲಾ ಬರೆಸಿಟ್ಟಿದ್ದೀನಿ. ತರ್ಲಾ?”

ಊಟದ ಚೀಲದಲ್ಲಿದ್ದ ಪುಸ್ತಕವನ್ನು ಅವನೇ ಕೈಯಾರೆ ತಂದುಕೊಟ್ಟ. ಮ್ಯಾನೇಜರ್ರು ಓದಿದರು. ‘ಕರಿಗೂಳಿಗಳು. ಆರು ಜನ. ಬಲ: ಕತ್ತಲಾದ ಕೂಡಲೇ ದಾಳಿ. ನಾಲ್ಕು ವರ್ಷ ಆಳಿದರು. ಕೊನೆ: ಕುರ್ಚಿ.’ ‘ಐದು ಬೆರಳು. ಏಳು ಜನ. ಬಲ: ಹಿಂದಿನಿಂದ ಬರುವುದು. ಕೊನೆ: ಕುರ್ಚಿ.’ ‘ಕೆಂಪು ಗಡಿಯಾರ. ಹದಿನಾಲ್ಕು ಜನ. ಯಜಮಾನನ ಕಾರು ಪುಡಿ ಮಾಡಿದ್ದು ಇವರ ಹೆಗ್ಗಳಿಕೆ. ಕೊನೆ: ಕುರ್ಚಿ.’ ಪುಟ ತಿರುಗಿಸಿದ ಹಾಗೆ ಅವರ ಬೆರಳು ನಿಧಾನವಾಯಿತು.

“ಒಟ್ಟು ಎಪ್ಪತ್ತಮೂರು ಜನ,” ಎಂದರು. ನಮ್ಮ ಕಾರ್ಖಾನೆಯಲ್ಲಿ ಇದ್ದದ್ದೇ ಇಪ್ಪತ್ತಾರು. “ಮತ್ತೆ ಎಲ್ಲಾದಕ್ಕೂ ಕುರ್ಚಿನೇ?”

“ಎಲ್ಲಾ ಮುಗಿಯೋದು ಕುರ್ಚಿಯಲ್ಲೇ ಸಾರ್,” ಎಂದ ಚಿಕ್ಕಪ್ಪ, ತತ್ವಜ್ಞಾನಿಯ ಹಾಗೆ. “ಯಾರ ಬೆನ್ನಿಗೆ ಅನ್ನೋದಷ್ಟೇ ಪ್ರಶ್ನೆ.”

ಮ್ಯಾನೇಜರ್ರು ನನ್ನ ಕಡೆ ನೋಡಿದರು. “ಈ ಹುಡುಗಿ ಯಾಕೆ ಮಾತಾಡಲ್ಲ?”

“ಅವಳು ಮಾತಾಡಲ್ಲ ಸಾರ್. ಅದೇ ಅವಳ ಕೆಲಸ.”

ನಾವು ಹೊರಬಿದ್ದ ಐದು ನಿಮಿಷಕ್ಕೆ ಸಭಾಕೋಣೆಗೆ ಎರಡನೆಯ ಬೀಗ ಬಿತ್ತು. ತಾವು ಕೂರುವ ಕುರ್ಚಿಯನ್ನೂ ಮ್ಯಾನೇಜರ್ರು ಸರಪಳಿಯಿಂದ ಮೇಜಿನ ಕಾಲಿಗೆ ಬಿಗಿದರು. ಎಷ್ಟು ಬಿಗಿದರೆಂದರೆ ಮೇಜಿಗೂ ಕುರ್ಚಿಗೂ ನಡುವೆ ಅವರು ಹಿಡಿಸಲಿಲ್ಲ. ಅವತ್ತಿನಿಂದ ಅವರೂ ನಿಂತೇ ಸಹಿ ಹಾಕತೊಡಗಿದರು.

ಇಷ್ಟಾದರೂ ಆರು ಕುರ್ಚಿಯ ಮಾತು ಎತ್ತಿದ್ದಾಯಿತೇ ಎಂದರೆ, ಇಲ್ಲ.

“ಏನ್ರೀ, ಕುರ್ಚಿ ಕೇಳಿದ್ರಾ?” ಎಂದು ಚಿಕ್ಕಮ್ಮ ಸಂಜೆ ವಿಚಾರಿಸಿದಳು. ಅವಳು ಈಗ ಚಿಕ್ಕಪ್ಪನ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

“ಅದೇ ಮಾತಾಡಿದ್ವಿ. ಪೂರ್ತಿ ಅದೇ.”

“ಕೊಡ್ತಾರಂತಾ?”

ಚಿಕ್ಕಪ್ಪ ಸ್ವಲ್ಪ ಯೋಚಿಸಿ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ.

ಈ ಮಧ್ಯೆ ದಳ ಬೆಳೆಯಿತು. ಮ್ಯಾನೇಜರ್ರು ಹೆದರಿದ್ದಾರೆ ಎಂಬ ಸುದ್ದಿ ಒಗೆಯುವ ವಿಭಾಗಕ್ಕೆ ಹಬ್ಬಿ, ಅವರೆಲ್ಲ ಗುಂಡಿಯಮ್ಮನ ಮುಂದೆ ಟೀ ಶರ್ಟು ಹಿಡಿದು ಸಾಲುಗಟ್ಟಿದರು. ಚಿಕ್ಕಪ್ಪ ತಲೆ ಮೇಲೆ ಕೈಹೊತ್ತ. “ಬೇಡ ಗುಂಡಿಯಮ್ಮಾ! ಕೆಂಪು ಗಡಿಯಾರ ಹಾಳಾಗಿದ್ದೇ ಹೀಗೆ. ಬಂದೋರನ್ನೆಲ್ಲ ಸೇರಿಸ್ಕೊಂಡು ಕೊನೆಗೆ ಯಾರು ಯಾರಿಗೆ ಹೊಡೀತಿದ್ದಾರೆ ಅಂತಲೇ ಗೊತ್ತಾಗ್ತಿರ್ಲಿಲ್ಲ!” ಗುಂಡಿಯಮ್ಮ ದಾರ ಪೋಣಿಸುತ್ತಲೇ ಇದ್ದಳು. ಶುಕ್ರವಾರ ‘ಕಪ್ಪು ಅಂಗಿ ನಿಷೇಧಿಸಲಾಗಿದೆ’ ಎಂಬ ನೋಟೀಸು ಬಿತ್ತು. ಶನಿವಾರ ಹತ್ತೊಂಬತ್ತು ಜನರ ನೀಲಿ ಯೂನಿಫಾರ್ಮಿನ ತೋಳಿನ ಮೇಲೆ ಕೆಂಪು ದೋಣಿಗಳು ತೇಲಾಡಿದವು. ನೋಟೀಸಿನಲ್ಲಿ ದೋಣಿಯ ಪ್ರಸ್ತಾಪವಿರಲಿಲ್ಲ.

ಮ್ಯಾನೇಜರ್ರು ಕಾರ್ಮಿಕ ಇಲಾಖೆಗೆ ದೂರು ಕೊಟ್ಟರು: ನೋಂದಣಿಯಿಲ್ಲದ ಸಂಘ, ಹನ್ನೊಂದು ಶಾಖೆ, ದಾಳಿಯ ಸಂಚು, ಲಿಖಿತ ಸಾಕ್ಷ್ಯ ಲಭ್ಯ.

ತಿಂಗಳು ಮುಗಿಯಲು ಎರಡು ದಿನ ಇದ್ದಾಗ ಇಲಾಖೆಯ ಅಧಿಕಾರಿ ಬಂದರು. ದಪ್ಪ ಕನ್ನಡಕ, ದಪ್ಪ ಫೈಲು, ಮೆಟ್ಟಿಲು ಹತ್ತಲಾಗದಷ್ಟು ಏದುಸಿರು. ವಿಚಾರಣೆ ಕೆಳಗೆ, ಮಡಿಸುವ ಮೇಜಿನ ಪಕ್ಕದಲ್ಲೇ ನಡೆಯಲಿ ಎಂದರು. ಮ್ಯಾನೇಜರ್ರು ತಾವೇ ಓಡಿಹೋಗಿ, ಎರಡು ಬೀಗ ತೆಗೆದು, ಒಂದು ಕುರ್ಚಿ ತಂದು, ಮತ್ತೆ ಎರಡು ಬೀಗ ಹಾಕಿ ಬಂದರು. ಅಧಿಕಾರಿ ಕುಳಿತರು. ಮೇಜಿನ ಸುತ್ತ ಎಲ್ಲರೂ ಸೇರಿದರು. ಚಿಕ್ಕಮ್ಮ ಮಾತ್ರ ಟವೆಲು ಮಡಿಸುತ್ತಲೇ ಇದ್ದಳು. ಆ ಕುರ್ಚಿಯನ್ನು ಒಂದು ಸಲ ನೋಡಿದಳು, ಅಷ್ಟೇ.

ಮ್ಯಾನೇಜರ್ರು ಸಾಕ್ಷ್ಯವಾಗಿ ಕೊಟ್ಟ ಪುಸ್ತಕವನ್ನು ಅಧಿಕಾರಿ ತೆರೆದರು. “ಯಾರ ಅಕ್ಷರ ಇದು?”

ನಾನು ಬೆರಳೆತ್ತಿದೆ. “ನಮ್ಮ ಮೌನಿ ಸಾರ್,” ಎಂದಳು ಗುಂಡಿಯಮ್ಮ.

“ಚೆನ್ನಾಗಿದೆ,” ಎಂದು ಓದತೊಡಗಿದರು. ಎರಡನೆಯ ಪುಟ, ಮೂರನೆಯ ಪುಟ. ಮ್ಯಾನೇಜರ್ರು ತುದಿಗಾಲಲ್ಲಿ ನಿಂತಿದ್ದರು. ಐದನೆಯ ಪುಟಕ್ಕೆ ಅಧಿಕಾರಿ ಕನ್ನಡಕ ತೆಗೆದರು. ಮುಖ ಕೆಂಪಾಗಿತ್ತು.

“ಕರಿಗೂಳಿಗಳಿಗೆ ನಾಲ್ಕನೇ ಸ್ಥಾನನಾ?”

“ಸಾರ್?” ಎಂದರು ಮ್ಯಾನೇಜರ್ರು.

“ನಾಲ್ಕನೇ ಸ್ಥಾನ! ಯಾರ್ರೀ ಇದನ್ನ ಬರೆಸಿದ್ದು?”

“ನಾನೇ,” ಎಂದ ಚಿಕ್ಕಪ್ಪ. ಅಲ್ಲಿಯವರೆಗೆ ಗುಂಡಿಯಮ್ಮನ ಹಿಂದೆ ನಿಂತಿದ್ದವನು ಈಗ ಮುಂದೆ ಬಂದು ಎದೆ ಸೆಟೆಸಿದ. “ನಾಲ್ಕನೇದೇ ಜಾಸ್ತಿ ಸಾರ್. ದೀಪ ಆರಿಸಿದ್ರೆ ಯಾರು ಬೇಕಾದ್ರೂ ಹೊಡೀಬಹುದು. ಬೆಳಕಲ್ಲಿ ಗೆದ್ದಿದ್ದು ಎಷ್ಟು?”

“ಎಷ್ಟಾ?” ಅಧಿಕಾರಿ ದಡಕ್ಕನೆ ಎದ್ದರು. ಏದುಸಿರು ಎಲ್ಲಿ ಹೋಯಿತೋ. “ಮೂರು ಜನರನ್ನ ಒಬ್ಬನೇ ಎತ್ತಿ ಹಾಕಿದ್ದು ನೋಡಿಲ್ವೇನ್ರೀ? ಬನ್ನಿ, ತೋರಿಸ್ತೀನಿ. ಮ್ಯಾನೇಜರ್ರೇ, ನೀವು ಸ್ವಲ್ಪ ಬಗ್ಗಿ.”

“ನಾನಾ ಸಾರ್?”

“ಬಗ್ಗಿ ಅಂದ್ರೆ ಬಗ್ಗಿ. ಹಾಂ. ಹೀಗೆ ಕುತ್ತಿಗೆ ಹಿಡಿದು, ಹೀಗೆ ಸೊಂಟ...”

ವಿಚಾರಣೆ ಸುಮಾರು ಅರ್ಧ ಗಂಟೆ ಈ ಮಟ್ಟದಲ್ಲಿ ನಡೆಯಿತು. ಮ್ಯಾನೇಜರ್ರು ಎರಡು ಸಲ ಕರಿಗೂಳಿಯಾದರು, ಒಂದು ಸಲ ಐದು ಬೆರಳಿನ ಕಿರುಬೆರಳಾದರು. ಕೊನೆಗೆ ಕರಿಗೂಳಿಗಳನ್ನು ಎರಡನೆಯ ಸ್ಥಾನಕ್ಕೆ ಏರಿಸಲು ಚಿಕ್ಕಪ್ಪ ಖಂಡತುಂಡವಾಗಿ ನಿರಾಕರಿಸಿದ. ಅಧಿಕಾರಿ ಬೆವರು ಒರೆಸಿಕೊಂಡು, ನಿಂತೇ ಫೈಲು ತೆಗೆದು ಬರೆದರು. “ಸಂಘ: ಇಲ್ಲ. ಟಿವಿ ಕುಸ್ತಿ. ಬೇಡಿಕೆ: ಇಲ್ಲ. ದೂರು ಮುಕ್ತಾಯ.”

“ಬರೀ ಕುಸ್ತಿನಾ?” ಮ್ಯಾನೇಜರ್ರು ಕತ್ತು ನೀವಿಕೊಳ್ಳುತ್ತಾ ನಕ್ಕರು. ಅವರು ನಕ್ಕದ್ದನ್ನು ನಾವು ಮೊದಲ ಸಲ ನೋಡಿದೆವು. “ಟಿವಿ ನೋಡ್ಕೊಂಡು ನನ್ನ ಹೆದರಿಸಿದ್ದಾ? ಅಯ್ಯೋ ದೇವರೇ!” ನಗುತ್ತಲೇ ಚಿಕ್ಕಮ್ಮನ ಕಡೆ ತಿರುಗಿದರು. “ನಾಳಿದ್ದು ತಿಂಗಳ ಕೊನೆ ಕಣಮ್ಮಾ. ನೆನಪಿದೆ ತಾನೇ?”

ಚಿಕ್ಕಪ್ಪನಿಗೆ ಆಗ ನೆನಪಾಯಿತು. “ಸ್ವಾಮಿ, ಬೇಡಿಕೆ ಇದೆ! ಆರು... ಮಡಿಸೋ ಮೇಜಿಗೆ ಆರು...”

“ಫೈಲು ಮುಗೀತಪ್ಪಾ,” ಎಂದು ಅಧಿಕಾರಿ ಪೆನ್ನಿಗೆ ಮುಚ್ಚಳ ಹಾಕಿದರು. “ಬೇಡಿಕೆ ಇರ್ಬೇಕು ಅಂದ್ರೆ ಸಂಘ ಇರ್ಬೇಕು. ಸಂಘ ಇರ್ಬೇಕು ಅಂದ್ರೆ ನೋಂದಣಿ ಆಗಿರ್ಬೇಕು. ನಿಮ್ಮದು ದಳ. ಅದೂ ಕರಿಗೂಳಿಗಳ ಬೆಲೆ ಗೊತ್ತಿಲ್ಲದ ದಳ.”

ಎಲ್ಲರೂ ಅಧಿಕಾರಿಯನ್ನು ನೋಡುತ್ತಿದ್ದರು. ಆಗ ಚಿಕ್ಕಮ್ಮನ ಮುಂದಿನ ಟವೆಲಿನ ರಾಶಿ ಜಾರಿ ನೆಲಕ್ಕೆ ಬಿತ್ತು. ಅವಳು ಬಗ್ಗಿ ಎತ್ತಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಮೇಜಿನ ಅಂಚು ಹಿಡಿದುಕೊಂಡಿದ್ದಳು. ಮೊಣಕಾಲು ಮಡಚಿಕೊಳ್ಳುತ್ತಿತ್ತು.

ನಾನು ನಡೆದುಹೋಗಿ ಅಧಿಕಾರಿಯ ಹಿಂದಿನ ಖಾಲಿ ಕುರ್ಚಿಯನ್ನು ಹಿಡಿದೆ. ಅದನ್ನು ಎತ್ತಿಕೊಂಡು ಹೋಗಬೇಕಾದರೆ ಮಡಚಬೇಕು. ಮಡಚಿದೆ. ‘ಟಣ್’ ಎಂದಿತು.

ಇಡೀ ಕಾರ್ಖಾನೆ ತಿರುಗಿ ನೋಡಿತು. ಮೌನಿ, ಕೈಯಲ್ಲಿ ಮಡಚಿದ ಕಬ್ಬಿಣದ ಕುರ್ಚಿ, ಎದುರಿಗೆ ನಾಯಕ.

“ಅಯ್ಯೋ, ಮೌನಿ!” ಎಂದು ಅಧಿಕಾರಿ ಎದೆ ಮುಟ್ಟಿಕೊಂಡರು. “ಯಾವಾಗ್ಲೂ ಮೌನಿನೇ!”

ಮ್ಯಾನೇಜರ್ರು ಮಡಿಸುವ ಮೇಜಿನ ಕೆಳಗೆ ನುಸುಳಿದರು. ಬಾಯ್ಲರ್ ಅಣ್ಣ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ.

ಚಿಕ್ಕಪ್ಪನ ಮುಖವನ್ನು ನಾನು ಮರೆಯಲಾರೆ. ಮೊದಲು ಆಶ್ಚರ್ಯ, ಆಮೇಲೆ ದುಃಖ, ಆಮೇಲೆ ತಡೆಯಲಾರದಷ್ಟು ಹೆಮ್ಮೆ. “ನೀನಾ ಪುಟ್ಟಿ!” ಎಂದ. ಅವನ ಪಾಲಿಗೆ ಹಬೆ ದಳ ಈಗ ಹನ್ನೆರಡನೆಯ ಸ್ಥಾನಕ್ಕೆ ಅರ್ಹವಾಗಿತ್ತು. ತನ್ನ ಕನ್ನಡಕ ತೆಗೆದು ಗುಂಡಿಯಮ್ಮನ ಕೈಗೆ ಕೊಟ್ಟು, ನನಗೆ ಬೆನ್ನು ಮಾಡಿ, ಮೊಣಕಾಲು ಹಿಡಿದು ಬಗ್ಗಿ ನಿಂತ. “ಸ್ವಲ್ಪ ಎಡಗಡೆ ಬೀಳಲಿ ಮಗಳೇ. ಬಲಭುಜ ಮೊದಲೇ ನೋವಿದೆ.”

ನಾನು ಅವನನ್ನು ದಾಟಿ ಹೋದೆ. ಮೇಜಿನ ಹತ್ತಿರ ಕುರ್ಚಿ ಬಿಡಿಸಿ ಇಟ್ಟೆ. ಚಿಕ್ಕಮ್ಮನ ತೋಳು ಹಿಡಿದೆ. ಅವಳು ಕುಳಿತಳು.

ಒಂದು ಉಸಿರು ಬಿಟ್ಟಳು. ಎರಡು ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದಂಥ ಉಸಿರು. ಆಮೇಲೆ ಕೈ ಚಾಚಿ ಒಂದು ಟವೆಲು ತೆಗೆದುಕೊಂಡು ಮಡಿಸತೊಡಗಿದಳು.

“ಅದು ಸಾಹೇಬರ ಕುರ್ಚಿ!” ಎಂದು ಮೇಜಿನ ಕೆಳಗಿನಿಂದ ದನಿ ಬಂತು.

“ಸಾಹೇಬ್ರು ಎದ್ದು ಅರ್ಧ ಗಂಟೆ ಆಯ್ತು,” ಎಂದಳು ಗುಂಡಿಯಮ್ಮ. “ಕುಸ್ತಿ ತೋರಿಸೋ ಅಷ್ಟು ಶಕ್ತಿ ಇದೆ. ನಿಲ್ಲೋಕೆ ಏನು ಕಷ್ಟ?”

ಮ್ಯಾನೇಜರ್ರು ಹೊರಗೆ ತೆವಳಿ ಬಂದು ಮೊಣಕಾಲಿನ ನೂಲು ಕೊಡವಿಕೊಂಡರು. “ಏಳಮ್ಮಾ ಮೇಲೆ!”

“ಆಗಲ್ಲ ಸಾರ್,” ಎಂದಳು ಚಿಕ್ಕಮ್ಮ, ತಲೆ ಎತ್ತದೆ. “ನಾಳಿದ್ದು ಕೆಲಸದಿಂದ ತೆಗೀತೀರೇನೋ, ತೆಗೀರಿ. ಇವತ್ತು ನಾನು ಏಳಲ್ಲ.”

ಒಗೆಯುವ ಯಂತ್ರಗಳು ಒಂದೊಂದಾಗಿ ನಿಂತವು. ಆ ಕಡೆಯವರು ಬಂದು ಅವಳ ಕುರ್ಚಿಯ ಹಿಂದೆ ಸಾಲಾಗಿ ನಿಂತರು. ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಎಲ್ಲರೂ ಕೈ ಕಟ್ಟಿಕೊಂಡರು. ಬಾಯ್ಲರ್ ಅಣ್ಣ ಕಣ್ಣಿನಿಂದ ಕೈ ತೆಗೆದು, ಯಾರ ಅಪ್ಪಣೆಗೂ ಕಾಯದೆ, ಅವರ ನಡುವೆ ಹೋಗಿ ನಿಂತ.

“ಪುಟ್ಟೀ,” ಎಂದ ಚಿಕ್ಕಪ್ಪ, ಇನ್ನೂ ಬಗ್ಗಿಕೊಂಡೇ. “ಬೇಗ ಹೊಡಿಯೇ. ಸೊಂಟ ಹಿಡ್ಕೊಳ್ತಿದೆ.”

“ಏಳಿ ಅಣ್ಣಾ ಸಾಕು,” ಎಂದು ಗುಂಡಿಯಮ್ಮ ಅವನ ಕನ್ನಡಕವನ್ನು ಅವನ ಮೂಗಿನ ಮೇಲೆ ಇಟ್ಟಳು. ಅವನು ತಿರುಗಿ ನೋಡಿದ. ಹೆಂಡತಿ ಕುಳಿತಿರುವುದನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ನಾಯಕನಿಗೆ ಮತ್ತೆ ಮಾತು ಮರೆತುಹೋಗಿತ್ತು.

ಅಧಿಕಾರಿ ಮುಚ್ಚಿದ ಫೈಲನ್ನು ಕಂಕುಳಲ್ಲಿ ಒತ್ತಿಕೊಂಡು ಬಾಗಿಲ ಕಡೆ ನೋಡಿದರು. ಬಾಗಿಲಿಗೂ ಅವರಿಗೂ ನಡುವೆ ಹತ್ತೊಂಬತ್ತು ದೋಣಿಗಳಿದ್ದವು.

ನಾನು ಮ್ಯಾನೇಜರ್ರ ಹತ್ತಿರ ಹೋದೆ. ಅವರು ಒಂದು ಹೆಜ್ಜೆ ಹಿಂದೆ ಸರಿದರು. ನನ್ನ ಕೈ ಖಾಲಿಯಿತ್ತು. ಅದನ್ನು ಅವರ ಮುಂದೆ ಚಾಚಿದೆ.

“ಸಾರ್, ಮೇಲಿನ ಕೋಣೆಯ ಬೀಗದ ಕೈ ಕೊಡಿ. ಇನ್ನೂ ಐದು ಕುರ್ಚಿ ಇವೆ.”

ಮ್ಯಾನೇಜರ್ರು ಅಧಿಕಾರಿಯನ್ನು ನೋಡಿದರು. ಅಧಿಕಾರಿ ತಮ್ಮ ಬೂಟು ನೋಡಿಕೊಂಡರು. ನಾನು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.